ಜೀಪಿಗೆ ಎಣ್ಣೆ ಹಾಕಿದ್ದು

ಅಳತೆ ಕಚೇರಿಯ ನಕ್ಷೆಗಾರ ಹುಟ್ಟಿದಾರಭ್ಯ ಜೀಪಿನ ಬಾನೆಟ್ ಎತ್ತಿದವನಲ್ಲ. ಸೈಕಲ್ ಮೇಲೆ ಬರುವವನು, ಸೈಕಲ್ ಮೇಲೆ ಹೋಗುವವನು. ಆ ಸೈಕಲ್ಲಿನ ಚೈನಿಗೂ ಎಣ್ಣೆ ಬಿಡುವುದು ಅವನ ಹೆಂಡತಿ. ಅಂಥವನು ಆ ದಿನ ಬೆಳಗ್ಗೆ ಕಚೇರಿಯ ಜೀಪಿಗೆ ಎಣ್ಣೆ ಹಾಕಬೇಕಾಗಿ ಬಂತು. ಬೇರೆ ಯಾರೂ ಮುಖ್ಯಸ್ಥರ ಕಣ್ಣಿಗೆ ಬೀಳದ ಹೊತ್ತಿನಲ್ಲಿ ಅವನೊಬ್ಬ ಬಿದ್ದ, ಅಷ್ಟೇ ಕಾರಣ.

ಡ್ರೈವರ್ ತಂಗಿಯ ಮದುವೆಗೆಂದು ವಾರದ ರಜೆ ಹಾಕಿ ಹೋಗಿದ್ದ. ಗುಡ್ಡದ ಮೇಲೆ ಅಳತೆಯ ಕೆಲಸ ನಡೆದಿತ್ತು. ಅಲ್ಲಿಗೆ ರಸ್ತೆ ಎಂಬುದಿಲ್ಲ. ನಾಲ್ಕೂ ಚಕ್ರ ಎಳೆಯುವ ಆ ಹಳೆಯ ಜೀಪೊಂದೇ ಕಲ್ಲು, ಕೊರಕಲು, ಕೆಸರು ಎಲ್ಲವನ್ನೂ ತುಳಿದುಕೊಂಡು ಹತ್ತಬಲ್ಲದು. ಡ್ರೈವರ್ ಇಲ್ಲವಾದ್ದರಿಂದ ಮುಖ್ಯಸ್ಥರು ತಾವೇ ಓಡಿಸಿಕೊಂಡು ಹೋಗಿಬರುತ್ತಿದ್ದರು. ಆ ಬೆಳಗ್ಗೆ ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಾಗ, ನಕ್ಷೆಗಾರ ಸೈಕಲ್ಲಿಗೆ ಬೀಗ ಹಾಕುತ್ತಿದ್ದುದು ಕಂಡಿತು.

“ನಕ್ಷೆಯವರೇ, ಜೀಪಿಗೆ ಸ್ವಲ್ಪ ಎಣ್ಣೆ ಹಾಕಿಬಿಡಿ. ನಾನು ಹೊರಡಬೇಕು” ಎಂದರು. ಅವನು ಏನನ್ನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನಿನಲ್ಲಿ ಯಾರೋ ಸಿಕ್ಕಿದರು, ಮುಖ್ಯಸ್ಥರು ಬೆನ್ನು ತಿರುಗಿಸಿದರು.

ಇದು ನನ್ನ ಕೆಲಸವಲ್ಲ ಎನ್ನಬಹುದಿತ್ತು. ಆದರೆ ಅವನು ಹಾಗೆ ಹೇಳುವ ಸ್ಥಿತಿಯಲ್ಲಿರಲಿಲ್ಲ. ಅವನ ಮೇಜು ಇದ್ದದ್ದು ಹಳೆಯ ಉಗ್ರಾಣದ ಕೋಣೆಯಲ್ಲಿ. ಮಟಮಟ ಮಧ್ಯಾಹ್ನದಲ್ಲೂ ಅಲ್ಲಿ ದೀಪ ಹಾಕಬೇಕು. ಆ ದೀಪದ ನೆರಳಿನಲ್ಲಿ ನದಿಯ ಗೆರೆ ಯಾವುದು, ಗಡಿಯ ಗೆರೆ ಯಾವುದು ಎಂದು ನೋಡಿ ನೋಡಿ ಅವನ ಕಣ್ಣು ಸೋತಿತ್ತು. ಉತ್ತರ ದಿಕ್ಕಿಗೆ ದೊಡ್ಡ ಕಿಟಕಿಯಿರುವ ಕೋಣೆಯೊಂದು ಹೊಸದಾಗಿ ಖಾಲಿಯಾಗಿತ್ತು. ಅದನ್ನು ಅವನಿಗೇ ಕೊಡುವುದಾಗಿ ಮುಖ್ಯಸ್ಥರು ಅರ್ಧ ಬಾಯಿಯಲ್ಲಿ ಹೇಳಿದ್ದರು. ಇನ್ನರ್ಧ ಬಾಯಿ ಸರ್ವೇಯರ್ ಕಡೆಗಿತ್ತು. ಹೀಗಿರುವಾಗ ಒಂದಿಷ್ಟು ಎಣ್ಣೆಗೆ ಇಲ್ಲ ಎನ್ನುವುದುಂಟೇ?

ಶೆಡ್ಡಿನಲ್ಲಿ ಡಬ್ಬಗಳು ಸಾಲಾಗಿದ್ದವು. ಅವನು ಒಂದೊಂದನ್ನೂ ತಿರುಗಿಸಿ, ಧೂಳು ಒರೆಸಿ ಓದಿದ. ‘ಎಂಜಿನ್ ಆಯಿಲ್’ ಎಂದಿದ್ದುದನ್ನು ಎತ್ತಿಕೊಂಡ. ಬಾನೆಟ್ ಎತ್ತುವುದು ಹೇಗೆಂದು ಕಾವಲಿನ ತಾತ ತೋರಿಸಿದ. ಯಾವ ಮುಚ್ಚಳ ಎಂದು ಸರ್ವೇಯರ್ ಕಿಟಕಿಯಿಂದಲೇ ಬೆರಳು ಮಾಡಿದ. ಎಂಜಿನ್ನಿನೊಳಗಿಂದ ಎಳೆದು ತೆಗೆಯುವ ಅಳತೆಯ ಕಡ್ಡಿಯ ಮೇಲೆ ಎರಡು ಗೆರೆಗಳಿದ್ದವು. ಗೆರೆ ಎಂದರೆ ನಕ್ಷೆಗಾರನಿಗೆ ಭಯಭಕ್ತಿ. ಎಣ್ಣೆ ಮೇಲಿನ ಗೆರೆಯನ್ನು ಮುಟ್ಟುವಂತೆ, ಆದರೆ ದಾಟದಂತೆ, ಮಗುವಿಗೆ ಔಷಧಿ ಕುಡಿಸುವ ಹಾಗೆ ಹಾಕಿ, ಚೆಲ್ಲಿದ ಒಂದು ತೊಟ್ಟನ್ನೂ ಒರೆಸಿ, ಕೈ ತೊಳೆದುಕೊಂಡು ಬಂದ. ಜೀಪು ಹೋಯಿತು. ಇಷ್ಟೇ ಅವನು ಮಾಡಿದ್ದು.

ಊಟದ ಹೊತ್ತಿಗೆ ಜೀಪು ವಾಪಸು ಬಂತು, ಆದರೆ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು. ಮುಖ್ಯಸ್ಥರು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ, ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಏರಿನ ಅರ್ಧದಲ್ಲಿ ಗಾಡಿ ಹಿಂದುಗಡೆಯಿಂದ ಊಳಿಟ್ಟಿತಂತೆ, ಸುಟ್ಟ ವಾಸನೆ ಬಂತಂತೆ, ಆಮೇಲೆ ಮುಷ್ಕರ ಹೂಡಿತಂತೆ. ಅವರು ಕೆಳಗಿಳಿದವರೇ ಮೊದಲು ಕೇಳಿದ್ದು, ಬೆಳಗ್ಗೆ ಎಣ್ಣೆ ಹಾಕಿದವರು ಎಲ್ಲಿ ಎಂದು.

ನಕ್ಷೆಗಾರ ತುತ್ತು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದ.

“ಏನು ಹಾಕಿದ್ರಿ ಇದಕ್ಕೆ?”

“ಎಣ್ಣೆ ಸಾರ್.”

“ಎಣ್ಣೆ ಹಾಕಿದ್ರೆ ಗಾಡಿ ಓಡುತ್ತೆ. ಇದು ನಿಂತಿದೆ.”

ಅಷ್ಟರಲ್ಲಿ ಕಚೇರಿಗೆ ಕಚೇರಿಯೇ ಜೀಪಿನ ಸುತ್ತ ನೆರೆದಿತ್ತು. ಸರ್ವೇಯರ್ ಜೀಪಿನ ಕೆಳಗೆ ಬಗ್ಗಿ ನೋಡಿ, ತೊಟ್ಟಿಕ್ಕುತ್ತಿದ್ದ ಕಪ್ಪನೆಯ ಜಿಡ್ಡನ್ನು ಎಲ್ಲರಿಗೂ ತೋರಿಸಿದ. ಹಾಕಿದ್ದು ಜಾಸ್ತಿಯಾಗಿ ಉಕ್ಕಿ ಸೋರುತ್ತಿದೆ ಎಂದು ಅವನ ಅಭಿಪ್ರಾಯ. ಲೆಕ್ಕ ಬರೆಯುವ ಮೇಡಂ, ಹೆಚ್ಚಾಗಿರಲಿಕ್ಕಿಲ್ಲ, ಡಬ್ಬವೇ ತಪ್ಪಿರಬೇಕು ಎಂದರು. ಅವರ ಮನೆಯಲ್ಲಿ ಒಮ್ಮೆ ಮಿಕ್ಸಿಗೆ ಏನನ್ನೋ ಹಾಕಿ ಹೀಗೇ ಆಗಿತ್ತು. ಕಾವಲಿನ ತಾತನನ್ನು ಕೇಳಿದಾಗ, ನಕ್ಷೆಯವರು ಎತ್ತಿದ್ದು ಕೆಂಪು ಡಬ್ಬ, ನಾನೇ ಕಣ್ಣಾರೆ ಕಂಡೆ ಎಂದು ಸಾಕ್ಷಿ ನುಡಿದ. ಶೆಡ್ಡಿನಲ್ಲಿದ್ದ ಅಷ್ಟೂ ಡಬ್ಬಗಳು ಕೆಂಪು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಕ್ಷೆಗಾರ ಅಳತೆಯ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ, ಹಿಡಿದು ತೋರಿಸಿದ. ಎಣ್ಣೆ ಬೆಳಗ್ಗೆ ಎಲ್ಲಿತ್ತೋ ಅಲ್ಲೇ ಇತ್ತು, ಮೇಲಿನ ಗೆರೆಯನ್ನು ಮುಟ್ಟಿಕೊಂಡು.

“ಕಡ್ಡಿ ಎಷ್ಟಿದೆ ಅಂತ ಹೇಳುತ್ತೆ. ಯಾವ ಎಣ್ಣೆ ಅಂತ ಅದು ಹೇಳುತ್ತಾ?” ಎಂದ ಸರ್ವೇಯರ್.

ಮುಖ್ಯಸ್ಥರು ತಲೆದೂಗಿದರು. ಕಿಟಕಿಯ ಕೋಣೆಯ ಮಾತನ್ನು ಮುಂದೆ ನೋಡೋಣ ಎಂದು, ಯಾರೂ ಕೇಳದೆಯೇ ಹೇಳಿ ಒಳಗೆ ಹೋದರು.

ನಕ್ಷೆಗಾರನಿಗೆ ಮೈಯೆಲ್ಲಾ ಉರಿದುಹೋಯಿತು. ಅವನು ಸಾಧು ಮನುಷ್ಯ, ಬಸ್ಸಿನಲ್ಲಿ ಕಾಲು ತುಳಿಸಿಕೊಂಡು ತಾನೇ ಕ್ಷಮೆ ಕೇಳುವವನು. ಆದರೆ ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿ, ಇಡೀ ಕಚೇರಿಯ ಮುಂದೆ ತನ್ನ ತಲೆಯ ಮೇಲೆ ಗೂಬೆ ಕೂರಿಸಿಕೊಳ್ಳುವುದೆಂದರೇನು? ಸೋರಿದ್ದು ತಾನು ಹಾಕಿದ ಎಣ್ಣೆಯಲ್ಲ ಎಂದು ಸಾಧಿಸದೆ ಈ ದಿನ ಮನೆಗೆ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿ, ಭಾವಮೈದನಿಗೆ ಫೋನು ಹಚ್ಚಿದ. ಹೆಂಡತಿಯ ತಮ್ಮ ಲಾರಿ ಡಿಪೋದಲ್ಲಿ ಬಿಡಿಭಾಗ ಮಾರುವವನು. ಮಾತನ್ನು ಮಾತ್ರ ಸಗಟಾಗಿ ಕೊಡುವವನು.

“ಭಾವ, ಎಣ್ಣೆ ಸೋರ್ತಿದೆ ಅಂದ್ರೆ ಯಾವ ಎಣ್ಣೆ?”

“ಜೀಪಿನ ಎಣ್ಣೆ ಕಣೋ.”

“ಅಯ್ಯೋ, ಜೀಪಿಗೆ ಒಂದಾ ಎರಡಾ? ಎಂಜಿನ್ನಿಂದಾ, ಗೇರ್‌ದಾ, ಆಕ್ಸಲ್‌ದಾ, ಸ್ಟೀರಿಂಗಿಂದಾ, ಬ್ರೇಕಿಂದಾ? ಒಂದೊಂದಕ್ಕೆ ಒಂದೊಂದು ಗುಣ. ಸುಮ್ನೆ ಎಣ್ಣೆ ಅಂದ್ರೆ ನಾನು ತಲೆಗೆ ಹಚ್ಕೊಳ್ಳೋದಾ?”

ಆಮೇಲೆ ಅವನು ಉಸಿರು ಬಿಡದೆ ಪಾಠ ಮಾಡಿದ. ಎಂಜಿನ್ನಿನ ಎಣ್ಣೆ ಬೆಂಕಿಯ ಪಕ್ಕ ಕೂತು ದುಡಿಯುವಂಥದ್ದು, ಹಾಗಾಗಿ ತೆಳ್ಳಗಿರುತ್ತದೆ, ಬೇಗ ಕಪ್ಪಾಗುತ್ತದೆ. ಗೇರಿನ ಎಣ್ಣೆ ದಪ್ಪ. ಹಲ್ಲಿಗೆ ಹಲ್ಲು ಕಚ್ಚಿ ತಿರುಗುವ ಜಾಗದಲ್ಲಿ ಅದು ಜೇನಿನ ಹಾಗೆ ಅಂಟಿಕೊಂಡಿರಬೇಕು; ಅದರಲ್ಲಿ ಗಂಧಕ ಇರುವುದರಿಂದ ಕೊಳೆತ ಮೊಟ್ಟೆಯ ವಾಸನೆ. ನಾಲ್ಕು ಚಕ್ರ ಎಳೆಯುವ ಗಾಡಿಗೆ ಗೇರ್ ಬಾಕ್ಸಿನ ಹಿಂದೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಇನ್ನೊಂದು ಪೆಟ್ಟಿಗೆ. ಅದಕ್ಕೆ ಬೇರೆ ಎಣ್ಣೆ. ಎರಡು ಚಕ್ರಗಳನ್ನು ಜೋಡಿಸುವ ದಂಡವೇ ಆಕ್ಸಲ್; ಮುಂದಿನ ಆಕ್ಸಲ್ಲಿಗೊಂದು, ಹಿಂದಿನ ಆಕ್ಸಲ್ಲಿಗೊಂದು ಹೊಟ್ಟೆ; ಎರಡರಲ್ಲೂ ದಪ್ಪ ಎಣ್ಣೆ. ಸ್ಟೀರಿಂಗಿನದು ಕೆಂಪು. ಬ್ರೇಕಿನದಂತೂ ಎಣ್ಣೆಯೇ ಅಲ್ಲ, ಜಿಡ್ಡಿಲ್ಲ, ನೂಕುವುದಷ್ಟೇ ಅದರ ಕೆಲಸ; ಅದರ ಜಾಗಕ್ಕೆ ಬೇರೆಯದು ಬಿದ್ದರೆ ರಬ್ಬರೆಲ್ಲ ಉಬ್ಬಿ ಬ್ರೇಕು ಹೋಗುತ್ತದೆ. “ನೆಲದ ಮೇಲೆ ಬಿದ್ದಿದ್ದನ್ನ ಮೂಸಿ ನೋಡಿ ಭಾವ. ಮೂಗು ಸುಳ್ಳು ಹೇಳಲ್ಲ” ಎಂದು ಹೇಳಿ, ಗಿರಾಕಿ ಬಂದರೆಂದು ಫೋನಿಟ್ಟ.

ಇಷ್ಟೊಂದು ಬಗೆಯನ್ನು ಒಂದೇ ಪದದ ಕೆಳಗೆ ಹುದುಗಿಸಿಟ್ಟಿದ್ದಾರಲ್ಲ ಎಂದು ನಕ್ಷೆಗಾರನ ಸಿಟ್ಟು ಇನ್ನಷ್ಟು ಏರಿತು. ಅವನ ನಕ್ಷೆಯಲ್ಲಿ ಹಳ್ಳಕ್ಕೊಂದು ಬಣ್ಣ, ಕೆರೆಗೊಂದು ಬಣ್ಣ. ಎಲ್ಲವನ್ನೂ ನೀರು ಎಂದು ಬರೆದುಬಿಟ್ಟರೆ ಇದೇ ಮುಖ್ಯಸ್ಥರು ಸುಮ್ಮನಿರುತ್ತಿದ್ದರೇ?

ನಕ್ಷೆಯ ಬಿಳಿ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿಕೊಂಡು ಅವನು ಜೀಪಿನ ಕೆಳಗೆ ತೂರಿದ. ಹಿಂದಿನ ಚಕ್ರದ ಬಳಿ ನೆಲದ ಮೇಲಿದ್ದ ಜಿಡ್ಡನ್ನು ಒಂದು ಪಟ್ಟಿಗೆ ಒತ್ತಿ ಮೂಸಿದ. ಮೂಗು ತಾನಾಗಿಯೇ ಹಿಂದೆ ಸರಿಯಿತು. ಕೊಳೆತ ಮೊಟ್ಟೆ. ಸಂತೋಷದಿಂದ ಅವನ ಕಣ್ಣಲ್ಲಿ ನೀರು ಬಂತು, ವಾಸನೆಯಿಂದಲೂ ಇರಬಹುದು. ಹೊರಗೆ ಬಂದು ಆ ಪಟ್ಟಿಯನ್ನು ಒಬ್ಬೊಬ್ಬರ ಮೂಗಿಗೂ ಹಿಡಿದ. ತಾತನಿಗೆ ಅದು ಸೀಮೆಎಣ್ಣೆಯ ವಾಸನೆಯೆನಿಸಿತು. ಮೇಡಂ ನೆಗಡಿಯೆಂದರು. ಸರ್ವೇಯರ್ ಬಹಳ ಹೊತ್ತು ಮೂಸಿ, ಇದು ಕಾಗದದ ವಾಸನೆ ಎಂದ. ಹೋಲಿಸಿ ನೋಡದೆ ಹೇಗೆ ಹೇಳುವುದು, ಉಳಿದ ಎಣ್ಣೆಗಳನ್ನೂ ತೋರಿಸಿ ಎಂದು ಅವನೇ ಸವಾಲೆಸೆದ.

ತೋರಿಸುತ್ತೇನೆ ಎಂದ ನಕ್ಷೆಗಾರ. ಆ ಘಳಿಗೆಯಲ್ಲಿ ಅವನು ಜೀಪನ್ನು ನಟ್ಟುನಟ್ಟಾಗಿ ಬಿಚ್ಚಿ ಮೈದಾನದಲ್ಲಿ ಹರವಲೂ ತಯಾರಿದ್ದ.

ಮುಂದಿನ ಆಕ್ಸಲ್ಲಿನ ಹೊಟ್ಟೆಗೆ ಎರಡು ಬಿರಡೆಗಳಿದ್ದವು, ಒಂದು ಮೇಲೆ, ಒಂದು ಕೆಳಗೆ. ತಾತ ಪಾನಾ ತಂದುಕೊಟ್ಟು, ಕೆಳಗಿನದೇ ಸುಲಭ, ಕೈಗೆ ಸಿಗುತ್ತದೆ ಎಂದ. ಮೇಲಿನದು ಎಣ್ಣೆ ತುಂಬಲಿಕ್ಕೆ, ಕೆಳಗಿನದು ಖಾಲಿ ಮಾಡಲಿಕ್ಕೆ ಎಂಬುದನ್ನು ಭಾವಮೈದ ಹೇಳಿರಲಿಲ್ಲ. ಬಿರಡೆ ಬಿಚ್ಚಿದ್ದೇ ತಡ, ಆಕ್ಸಲ್ಲಿನ ದಪ್ಪ ಎಣ್ಣೆ ಅವನ ಮುಂಗೈಗೆ ಬಿದ್ದು, ತೋಳಿನೊಳಗೆ ಇಳಿದು, ಕಂಕುಳನ್ನು ದಾಟಿ, ಸೊಂಟದ ಹತ್ತಿರ ತಂಗಿತು. ತಾತ ಬಕೆಟ್ ತರುವಷ್ಟರಲ್ಲಿ ಬಕೆಟ್ಟಿಗೆ ಉಳಿದದ್ದು ಸ್ವಲ್ಪವೇ. ಮೇಡಂ ಅವರ ನೆಗಡಿ ತಟ್ಟನೆ ವಾಸಿಯಾಗಿ, ಅವರು ಎದ್ದು ಕಚೇರಿಯ ಕಿಟಕಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದರು.

ಅವನು ಬಿರಡೆ ಬಿಗಿದು, ಶೆಡ್ಡಿನಿಂದ ಗೇರಿನ ಎಣ್ಣೆಯ ಡಬ್ಬ ತಂದು ಮೇಲಿನ ತೂತಿನಿಂದ ತುಂಬಿಸಿ, ಪಟ್ಟಿಗೆ ಒಂದು ತೊಟ್ಟು ಹಿಡಿದುಕೊಂಡ. ಗೇರ್ ಬಾಕ್ಸಿನದು ಸಿಕ್ಕಿತು, ಅದರ ಹಿಂದಿನ ಪೆಟ್ಟಿಗೆಯದು ಸಿಕ್ಕಿತು. ಸ್ಟೀರಿಂಗಿನ ಕೆಂಪು ಎಣ್ಣೆ ಅಂಗಿಯ ಮುಂಭಾಗಕ್ಕೆ ಚೆಲ್ಲಿದ್ದನ್ನು ನೋಡಿ, ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು ಆಂಬುಲೆನ್ಸ್ ಬೇಕೇ ಎಂದು ವಿಚಾರಿಸಿದರು. ಬ್ರೇಕಿನದನ್ನು ಬಟ್ಟೆಯಲ್ಲಿ ಅದ್ದಿ ತೆಗೆದು, ಆ ಬಟ್ಟೆಯನ್ನು ಜೀಪಿನ ಬಾಗಿಲ ಮೇಲೆ ನೇತುಹಾಕಿದ. ಬಾಗಿಲ ಮೇಲೆ ಕಚೇರಿಯ ಹೆಸರನ್ನು ಮೊನ್ನೆ ತಾನೇ ಬಿಳಿಯ ಬಣ್ಣದಲ್ಲಿ ಬರೆಸಿದ್ದರು. ಬ್ರೇಕಿನ ಎಣ್ಣೆ ಬಣ್ಣವನ್ನು ತಿನ್ನುತ್ತದೆ ಎಂಬುದನ್ನೂ ಭಾವಮೈದ ಹೇಳಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆ ತೆಗೆದಾಗ ಅದರ ಜೊತೆ ಅರ್ಧ ಹೆಸರೂ ಎದ್ದುಬಂತು. ಸರ್ವೇಯರ್ ಫೋನು ತೆಗೆದು ಚಿತ್ರ ಹಿಡಿದುಕೊಂಡ.

ಕೊನೆಯದಾಗಿ ಹಿಂದಿನ ಆಕ್ಸಲ್. ಈ ಸಲ ಅವನು ಮೇಲಿನ ಬಿರಡೆಯನ್ನೇ ಬಿಚ್ಚಿ, ಬೆರಳು ತೂರಿಸಿ, ಮೂಲೆ ಮೂಲೆ ತಡಕಿದ. ಬೆರಳು ಹೋದ ಹಾಗೆಯೇ ಹೊರಗೆ ಬಂತು. ಎಣ್ಣೆಯಿರಬೇಕಾದ ಕಡೆ ಸುಟ್ಟ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಚಕ್ರದ ಒಳಮೈಯಲ್ಲಿ ಹಳೆಯ ಸೋರಿಕೆಯ ಗುರುತು, ಅದರ ಮೇಲೆ ತಿಂಗಳುಗಟ್ಟಲೆ ಕೂತ ಧೂಳು, ಧೂಳಿನ ಮೇಲೆ ಹೊಸ ಸೋರಿಕೆ.

ಅವನು ಕೈ ಒರೆಸಿಕೊಂಡು ನೆಟ್ಟಗೆ ತನ್ನ ಕತ್ತಲೆಯ ಕೋಣೆಗೆ ಹೋದ, ದೊಡ್ಡ ಹಾಳೆ ಹಾಸಿದ. ಜೀಪನ್ನು ಕೆಳಗಿನಿಂದ ನೋಡಿದರೆ ಹೇಗಿರುತ್ತದೋ ಹಾಗೆ ಬರೆದ. ಎಂಜಿನ್ನಿಗೆ ಕಂದು, ಗೇರಿಗೆ ಹಳದಿ, ಹಂಚುವ ಪೆಟ್ಟಿಗೆಗೆ ಕಿತ್ತಳೆ, ಎರಡು ಆಕ್ಸಲ್ಲುಗಳಿಗೂ ಹಸಿರು, ಸ್ಟೀರಿಂಗಿಗೆ ಕೆಂಪು, ಬ್ರೇಕಿಗೆ ತಿಳಿನೀಲಿ. ಪ್ರತಿಯೊಂದರ ಪಕ್ಕದಲ್ಲೂ ಎಣ್ಣೆ ಹಾಕುವ ಜಾಗಕ್ಕೆ ಬಾಣದ ಗುರುತು, ಅದರ ಕೆಳಗೆ ಎಣ್ಣೆಯ ಪಟ್ಟಿ. ಸಿಟ್ಟಿನಲ್ಲಿ ಬರೆದದ್ದರಿಂದಲೋ ಏನೋ, ಅವನ ಜೀವಮಾನದಲ್ಲೇ ಅಷ್ಟು ಚೊಕ್ಕವಾದ ನಕ್ಷೆ ಅವನ ಕೈಯಿಂದ ಬಂದಿರಲಿಲ್ಲ.

ಸಂಜೆ ಮುಖ್ಯಸ್ಥರ ಕೋಣೆಯಲ್ಲಿ ಎಲ್ಲರೂ ಸೇರಿದರು. ನಕ್ಷೆಗಾರನಿಗೆ ಕುರ್ಚಿ ಕೊಡಲಿಲ್ಲ, ಕುರ್ಚಿ ಹಾಳಾಗುತ್ತದೆಂದು. ಅವನು ನಿಂತುಕೊಂಡೇ ವಾದಿಸಿದ. ಬೆಳಗ್ಗೆ ತಾನು ಹಾಕಿದ್ದು ಇಲ್ಲಿ, ಈ ಕಂದು ಜಾಗಕ್ಕೆ. ಅಲ್ಲಿ ಒಂದು ತೊಟ್ಟೂ ಕಡಿಮೆಯಾಗಿಲ್ಲ. ಸೋರಿದ್ದು ಅಲ್ಲಿ, ಹಿಂದಿನ ಹಸಿರು ಜಾಗದಿಂದ; ಅದು ಗೇರಿನ ಎಣ್ಣೆ. ಎರಡಕ್ಕೂ ನಡುವೆ ದಾರಿಯೇ ಇಲ್ಲ. ಚಕ್ರದ ಬಳಿ ಎಣ್ಣೆ ತಡೆಯುವ ರಬ್ಬರ್ ಸೀಲು ಎಂದೋ ಹರಿದಿದೆ. ಪಟ್ಟಿಗಳು ಇಲ್ಲಿವೆ, ಯಾರು ಬೇಕಾದರೂ ಮೂಸಬಹುದು.

ಮುಖ್ಯಸ್ಥರು ಕನ್ನಡಕ ಹಾಕಿಕೊಂಡು ನಕ್ಷೆಯನ್ನು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ನೋಡಿದರು. ಎರಡು ಪಟ್ಟಿ ಮೂಸಿದರು. ಸರ್ವೇಯರ್ ಗೋಡೆ ನೋಡತೊಡಗಿದ.

“ನೀವು ಹೇಳೋದು ಸರಿ. ನೀವು ಹಾಕಿದ ಎಣ್ಣೆಗೂ ಇದಕ್ಕೂ ಸಂಬಂಧ ಇಲ್ಲ. ನಾನು ದುಡುಕಿದೆ” ಎಂದರು ಮುಖ್ಯಸ್ಥರು.

ನಕ್ಷೆಗಾರನ ಎದೆ ಹಗುರಾಯಿತು. ಅಂಗಿಯೊಳಗಿನ ಎಣ್ಣೆ ಕೂಡ ಆ ಕ್ಷಣಕ್ಕೆ ತಂಪೆನಿಸಿತು.

ಅಷ್ಟರಲ್ಲಿ ಡ್ರೈವರ್ ಬಂದ. ಮದುವೆ ಮುಗಿಸಿ ಒಂದು ದಿನ ಮೊದಲೇ ಬಂದಿದ್ದನಂತೆ, ಹೊಸ ಅಂಗಿ ಇನ್ನೂ ಮೈಮೇಲಿತ್ತು. ನಡೆದದ್ದನ್ನೆಲ್ಲ ಕೇಳಿ, ನಕ್ಷೆಯಲ್ಲಿನ ಹಿಂದಿನ ಆಕ್ಸಲ್ ನೋಡಿ ಅವನು ಮರುಗಿದ. ಆ ಸೀಲು ಹರಿದು ಬಹಳ ಕಾಲವಾಯಿತು, ನನಗೆ ಗೊತ್ತಿದ್ದದ್ದೇ ಎಂದ. ಗೊತ್ತಿದ್ದೂ ಹೇಳಲಿಲ್ಲವೇ ಎಂದು ಕೇಳಲು ನಕ್ಷೆಗಾರ ಒಂದು ಹೆಜ್ಜೆ ಮುಂದಿಟ್ಟ.

“ಯಾಕೆ ಸುಮ್ನೆ ನಿಮಗೆಲ್ಲಾ ತೊಂದರೆ ಅಂತ ಹೇಳ್ಲಿಲ್ಲ ಸಾರ್. ದಿನಾ ಬೆಳಗ್ಗೆ ಎದ್ದು ಸೋರಿದಷ್ಟನ್ನ ನಾನೇ ತುಂಬಿಸ್ತಿದ್ದೆ” ಎಂದ ಡ್ರೈವರ್.

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. ಕೆಲಸದ ಮೇಲಿನ ನಿಷ್ಠೆ ಎಂದರೆ ಇದು ಎಂದರು. ಯಾರಿಗೂ ಹೇಳದೆ, ಹೆಸರಿಗೆ ಆಸೆಪಡದೆ, ದಿನವೂ ಬೆಳಗ್ಗೆ. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು. ತಾತ, ಇವನು ದಿನಾ ಗಾಡಿಯಡಿ ಮಲಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ನಿದ್ದೆ ಮಾಡುತ್ತಾನೆಂದುಕೊಂಡಿದ್ದೆ ಎಂದ. ಡ್ರೈವರ್ ನಾಚಿ ನೆಲ ನೋಡಿದ.

ಆಮೇಲೆ ಮುಖ್ಯಸ್ಥರು ನಕ್ಷೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ಹಿಂದಿನ ಆಕ್ಸಲ್ಲಿನ ಮೇಲೆ ಬೆರಳಿಟ್ಟರು.

“ನಕ್ಷೆಯವರೇ, ಇಲ್ಲಿ ಬಾಣ ಹಾಕಿ ಎಣ್ಣೆ ಹಾಕುವ ಜಾಗ ಅಂತ ನೀವೇ ಬರೆದಿದೀರಿ.”

“ಹೌದು ಸಾರ್.”

“ಬೆಳಗ್ಗೆ ಇಲ್ಲಿ ಹಾಕಿದ್ರಾ?”

“ಇಲ್ಲ ಸಾರ್. ನಾನು ಅದನ್ನೇ ಹೇಳ್ತಿರೋದು. ನಾನು ಅದನ್ನ ಮುಟ್ಟೇ ಇಲ್ಲ.”

“ಯಾಕೆ ಮುಟ್ಟಲಿಲ್ಲ?”

ನಕ್ಷೆಗಾರ ತಾನೇ ಬರೆದ ಬಾಣವನ್ನೊಮ್ಮೆ, ಮುಖ್ಯಸ್ಥರನ್ನೊಮ್ಮೆ ನೋಡಿದ.

“ನಾನು ಜೀಪಿಗೆ ಎಣ್ಣೆ ಹಾಕಿ ಅಂದೆ. ಎಂಜಿನ್ನಿಗೆ ಅಂದ್ನಾ? ಡ್ರೈವರ್ ಪಾಪ ದಿನಾ ಹಾಕ್ತಿದ್ದ, ಗಾಡಿ ಓಡ್ತಿತ್ತು. ನೀವು ಹಾಕ್ಲಿಲ್ಲ, ನಿಂತಿತು. ಇಷ್ಟೆಲ್ಲಾ ಎಣ್ಣೆ ವಿಚಾರ ತಿಳಿದಿರೋರು ನೀವು. ಗೊತ್ತಿಲ್ಲದವರಾಗಿದ್ರೆ ಬೇರೆ ಮಾತು.”

ಆ ತಿಳಿವಳಿಕೆ ಬಂದದ್ದು ಮಧ್ಯಾಹ್ನ ಊಟವಾದ ಮೇಲೆ ಎಂದು ನಕ್ಷೆಗಾರ ಹೇಳಿದ. ಬೆಳಗ್ಗೆ ತನಗೆ ಆಕ್ಸಲ್ ಎಂಬ ಪದವೂ ಗೊತ್ತಿರಲಿಲ್ಲ ಎಂದು ಹೇಳಿದ. ಹೇಳಿದ ಹಾಗೆಲ್ಲ ಅದು ನೆಪದಂತೆ ಕೇಳಿಸುತ್ತಿತ್ತು. ಅವನಿಗೇ ಹಾಗೆ ಕೇಳಿಸಿತು. ಅಷ್ಟು ಸ್ಪಷ್ಟವಾದ ನಕ್ಷೆ ಮೇಜಿನ ಮೇಲಿರುವಾಗ ನಂಬುವವರಾರು? ಹಸಿರು ಬಣ್ಣ, ಕಪ್ಪು ಬಾಣ, ಕೆಳಗೆ ಅವನದೇ ಮುತ್ತಿನಂಥ ಅಕ್ಷರ. ಸರ್ವೇಯರ್ ಇದೇ ಸಮಯವೆಂದು ಫೋನು ತೆಗೆದು, ಅರ್ಧ ಹೆಸರು ಹೋದ ಬಾಗಿಲಿನ ಚಿತ್ರವನ್ನು ಮುಖ್ಯಸ್ಥರ ಮುಂದಿಟ್ಟ.

ನಕ್ಷೆಗಾರ ಸೈಕಲ್ಲಿನ ಬೀಗ ತೆಗೆಯುವಾಗ, ಕಿಟಕಿಯ ಕೋಣೆಯೊಳಗೆ ಸರ್ವೇಯರನ ಮೇಜನ್ನು ಸಾಗಿಸುತ್ತಿದ್ದರು. ಒಂದು ತುದಿ ತಾತ ಹಿಡಿದಿದ್ದ, ಇನ್ನೊಂದು ತುದಿ ಹೊಸ ಅಂಗಿಯ ಡ್ರೈವರ್.

ಮನೆಯಲ್ಲಿ ಹೆಂಡತಿ ಅವನನ್ನು ಹೊಸ್ತಿಲಿನಲ್ಲೇ ತಡೆದು, ಹಳೆಯ ಪೇಪರ್ ಹಾಸಿ, ಅದರ ಮೇಲೆ ನಿಲ್ಲಿಸಿದಳು. ಅವನು ನಿಂತಲ್ಲೇ ಮೊದಲಿನಿಂದ ಕೊನೆಯವರೆಗೆ ಹೇಳಿದ. ಅವಳು ಕೇಳಬೇಕಾದ ಹಾಗೆ ಕೇಳಿದಳು. ಸರ್ವೇಯರನ ಹೆಸರು ಬಂದಾಗಲೆಲ್ಲ ಹಲ್ಲು ಕಡಿದಳು, ಡ್ರೈವರನಿಗೆ ಹೊಗಳಿಕೆ ಬಂದ ಕಡೆ ಸೊಂಟಕ್ಕೆ ಕೈಯಿಟ್ಟು, ಇವರಿಗೆಲ್ಲ ಕಣ್ಣಿಲ್ಲವೇ ಎಂದಳು, ಮುಖ್ಯಸ್ಥರಿಗೆ ನಾಲ್ಕು ಮಾತು ಬೈದಳು. ನಕ್ಷೆಗಾರನ ಕಣ್ಣು ಹನಿಗೂಡಿತು. ಇಡೀ ಹಗಲಿನಲ್ಲಿ ಒಂದು ಜೀವವಾದರೂ ತನ್ನ ಕಡೆಗಿದೆಯಲ್ಲ ಎಂದು ಸಮಾಧಾನವಾಗಿ, ಅಂಗಿಯ ಗುಂಡಿ ಬಿಚ್ಚತೊಡಗಿದ.

ಹೆಂಡತಿ ಬಿಸಿನೀರಿನ ಬಕೆಟ್ ತಂದಿಟ್ಟು, ಅವನ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು.

“ಅದೆಲ್ಲಾ ಸರಿ ರೀ. ಹೇಗೂ ಡಬ್ಬ ಕೈಯಲ್ಲೇ ಇತ್ತಲ್ಲ, ಹಿಂದಿನದಕ್ಕೂ ಒಂಚೂರು ಹಾಕಿಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”